ಬಾಯ್ತುಂಬ ಕವಳ, ಕೈತುಂಬ ಡೀಸೆಲ್

ಇದನ್ನು ಬರೆಯುವಾಗಲೂ ನನ್ನ ಬಲಗೈ ಡೀಸೆಲ್ ವಾಸನೆ ಹೊಡೆಯುತ್ತಿದೆ. ಸೋಪಾಯಿತು, ಸೀಗೆಪುಡಿಯಾಯಿತು, ಕೊನೆಗೆ ಬಚ್ಚಲೊಲೆಯ ಬೂದಿಯೂ ಆಯಿತು. ಮಧ್ಯಾಹ್ನ ಊಟಕ್ಕೆ ಕೂತರೆ ತಂಬುಳಿಯೂ ಡೀಸೆಲ್, ಮಜ್ಜಿಗೆಯೂ ಡೀಸೆಲ್. "ಇವತ್ತು ನೀವು ಜಗಲಿಯಲ್ಲೇ ಮಲಗಿ" ಎಂದು ಮನೆಯಾಕೆ ಆಗಲೇ ತೀರ್ಪು ಕೊಟ್ಟಾಗಿದೆ.

ನಮ್ಮ ಪಿಕಪ್ಪು 2004ರ ಮಾಡೆಲ್. ಗೊಬ್ಬರ, ಹುಲ್ಲು, ಅಡಿಕೆ ಮೂಟೆ, ಮದುವೆ ಮನೆಯ ಹಂಡೆ, ಒಂದು ಸಲ ಗಬ್ಬದ ಎಮ್ಮೆ, ಇದು ಹೊರದ ವಸ್ತುವಿಲ್ಲ. ಅಂಥದ್ದು ಮೊನ್ನೆ ತೀರ್ಥಹಳ್ಳಿಯಿಂದ ಮೈಲುತುತ್ತ ತರುವಾಗ ಏರಿನಲ್ಲಿ ಕೆಮ್ಮಿತು. ನಿಂತಲ್ಲಿ ಗುಂಯ್ ಅನ್ನುತ್ತದೆ, ಸಮತಟ್ಟಿನಲ್ಲಿ ಓಡುತ್ತದೆ. ಏರು ಬಂತೋ, ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ಹೀಗೇ. ಇಂಜಿನ್ ಜಾಸ್ತಿ ಕೇಳಿದಾಗಲೇ ಕೈಕೊಡುತ್ತದೆ, ಕೆಲವು ನೆಂಟರ ಹಾಗೆ. ಇನ್ನು ಮಲೆನಾಡಿನಲ್ಲಿ ಏರಿಲ್ಲದ ರಸ್ತೆ ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ತಪ್ಪು ನನ್ನದೇ. ಬಂಕಿಗೆ ಹೋದಾಗಲೆಲ್ಲ "ಐನೂರಕ್ಕೆ ಹಾಕಿ" ಎನ್ನುವ ಜಾತಿ ನಾನು. ಟ್ಯಾಂಕು ಯಾವಾಗಲೂ ಅರ್ಧ ಖಾಲಿ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ನೆರೆಯವರು ನಾವು. ಮಳೆಗಾಲದಲ್ಲಿ ಕಪಾಟಿನ ಅಂಗಿಗೇ ಬೂಸಲು ಹಿಡಿಯುತ್ತದೆ, ಖಾಲಿ ಟ್ಯಾಂಕಿನೊಳಗಿನ ಗಾಳಿ ಬೆವರದೆ ಇರುತ್ತದೆಯೇ? ಆ ನೀರು ಡೀಸೆಲ್‌ಗಿಂತ ಭಾರ. ಅಡಿಗೆ ಹೋಗಿ ಕೂರುತ್ತದೆ, ಅಲ್ಲಿಂದ ತುಕ್ಕನ್ನೂ ಕರೆದುಕೊಂಡು ಫಿಲ್ಟರಿಗೆ ಬರುತ್ತದೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. "ನಾಡಿದ್ದು ನೋಡುವ ಮಾರಾಯ್ರೆ" ಎಂದ. ಅವನ ನಾಡಿದ್ದಿಗೂ ಕ್ಯಾಲೆಂಡರಿಗೂ ಸಂಬಂಧ ಇಲ್ಲ. ಇತ್ತ ನಮಗೆ ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಯುವ ಹೊತ್ತು. ಮಳೆ ಹೊಳವಾಗುವುದು ಎರಡು ದಿನ, ಆ ಎರಡು ದಿನಕ್ಕೆ ಮರ ಹತ್ತುವವರು ಸಿಕ್ಕಿದ್ದಾರೆ. 100 ಲೀಟರ್ ನೀರಿಗೆ 1 ಕೆ.ಜಿ. ತುತ್ತ, 1 ಕೆ.ಜಿ. ಸುಣ್ಣ. ತುತ್ತ ಬಂದಿದೆ, ಸುಣ್ಣ ಪೇಟೆಯಲ್ಲೇ ಇದೆ. ಕೊಳೆರೋಗ ನಾಡಿದ್ದಿನವರೆಗೆ ಕಾಯುವುದಿಲ್ಲ. ಫಿಲ್ಟರಿನ ಹಳೇ ಡಬ್ಬಿ ತಿರುಗಿಸಿ ತೆಗೆಯುವುದು, ಹೊಸ ಡಬ್ಬಿ ತಿರುಗಿಸಿ ಹಾಕುವುದು. ಅಷ್ಟಕ್ಕೆ ಮೆಕ್ಯಾನಿಕ್ ಯಾಕೆ ಎಂದುಕೊಂಡು ಬೆಳಿಗ್ಗೆ ದೋಸೆ ತಿಂದು ಬಾನೆಟ್ ಎತ್ತಿದೆ.

ಕೈಯಲ್ಲಿ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಸ್ಯಾಂಡ್ ಪೇಪರ್ ಸುತ್ತಿ ತಿರುಗಿಸಿದೆ. ನನ್ನ ಅಂಗೈ ನುಣುಪಾಯಿತು. ಸೈಕಲ್ ಟ್ಯೂಬು ಸುತ್ತಿ, ಅದಕ್ಕೊಂದು ಪಾನಾ ಸಿಕ್ಕಿಸಿ ಎಳೆದೆ. ಒಂದು ಕೂದಲೆಳೆಯಷ್ಟು ತಿರುಗಿದ ಹಾಗಾಯಿತು. ಅದೇ ಸಂತೋಷಕ್ಕೆ ಇನ್ನೂ ಜೋರಾಗಿ ಎಳೆದೆ. ಜಗಲಿಯಿಂದ ಅಪ್ಪ ಎರಡು ನಿಮಿಷಕ್ಕೊಮ್ಮೆ "ಬಂತನಾ?" ಎಂದು ಕೇಳುತ್ತಿದ್ದರು.

ಆಗ ಬಂದರು ಮೇಲಿನ ಮನೆ ಭಾವ.

ಭಾವನ ವಿಷಯ ಸ್ವಲ್ಪ ಹೇಳಬೇಕು. ಈ ಸೀಮೆಯ ಡೀಸೆಲ್ ಇಂಜಿನ್ನು, ಪಂಪ್‌ಸೆಟ್ಟು, ದನದ ಕಾಯಿಲೆ ಎಲ್ಲ ಅವರಿಗೆ ಗೊತ್ತು. ಆದರೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅವರ ಬಾಯಲ್ಲಿ ಕವಳ ಇರುತ್ತದೆ. ಇಷ್ಟೆಲೆ, ಇಷ್ಟಡಿಕೆ, ಬೆರಳ ತುದಿಯ ಸುಣ್ಣ, ಒಂದೆಸಳು ಹೊಗೆಸೊಪ್ಪು ಎಂದು ಲೆಕ್ಕ ಹಾಕಿ ಕಟ್ಟಿದ ಕವಳವನ್ನು ರಸ ಮುಗಿಯುವ ಮೊದಲು ಉಗಿಯುವವರಲ್ಲ. ಹಾಗಾಗಿ ಅವರ ಜ್ಞಾನವೆಲ್ಲ ಹೊರಗೆ ಬರುವುದು ಮೂಗಿನಿಂದ, ಹುಬ್ಬಿನಿಂದ, ತೋರುಬೆರಳಿನಿಂದ.

ಬಾನೆಟ್ಟಿನ ಆಚೆ ಬದಿಗೆ ನಿಂತು ಬಗ್ಗಿ ನೋಡಿದರು. ಗದ್ದ ಮೇಲೆತ್ತಿ, ರಸ ಚೆಲ್ಲದ ಹಾಗೆ, "ಊಂಊಂ" ಎಂದರು.

ಕನ್ನಡದಲ್ಲಿ 'ಹೂಂ' ಅಂದರೆ ಸರಿ, 'ಊಹೂಂ' ಅಂದರೆ ಅಲ್ಲ. ಬಾಯ್ತುಂಬ ಕವಳ ಇದ್ದರೆ ಎರಡೂ ಒಂದೇ. ನಾನು 'ಸರಿ' ಎಂದುಕೊಂಡು ಟ್ಯೂಬು ಎಳೆದೆ. ಅವರು ಇನ್ನೂ ಗಟ್ಟಿಯಾಗಿ "ಊಂಊಂ!" ಎಂದರು. ಹುರುಪು ಕೊಡುತ್ತಿದ್ದಾರೆಂದು ಇನ್ನೂ ಗಟ್ಟಿಯಾಗಿ ಎಳೆದೆ. ಅವರು ತೋರುಬೆರಳು ಎತ್ತಿ ಗಾಳಿಯಲ್ಲಿ ಸುತ್ತು ಹೊಡೆದು ತೋರಿಸಿದರು. ನಾನೂ ಅದೇ ದಿಕ್ಕಿಗೆ ತಿರುಗಿಸುತ್ತಿದ್ದೆನಲ್ಲ! "ಅದೇ ಮಾಡ್ತಾ ಇದೀನಿ ಭಾವ" ಎಂದೆ. ಭಾವ ಹಣೆ ಚಚ್ಚಿಕೊಂಡರು. ಮತ್ತೆ ಸುತ್ತು. ಮತ್ತೆ ನಾನು. ಮತ್ತೆ "ಊಂಊಂ". ಕಾಲು ಗಂಟೆ ಇದೇ ಯಕ್ಷಗಾನ, ಮಾತುಗಾರಿಕೆಯೊಂದು ಇಲ್ಲ. ನನ್ನ ಬೆನ್ನು ಹಿಡಿದುಕೊಂಡಿತು, ಅವರ ಮುಖ ಕವಳಕ್ಕಿಂತ ಕೆಂಪಾಯಿತು.

"ಒಂದ್ಸಲ ಉಗಿದು ಹೇಳಿ ಮಾರಾಯ್ರೆ!" ಎಂದು ನಾನು ಕೂಗಿದ್ದು ಹೌದು. ಹಿರಿಯರಿಗೆ ಹಾಗೆ ಹೇಳಬಾರದಿತ್ತು. ಆದರೆ ಹೇಳಿದ್ದಕ್ಕೇ ಕೆಲಸ ಆಯಿತು. ಭಾವ ಬಾಳೆಬುಡದವರೆಗೆ ನಡೆದು ಹೋಗಿ, ಅರ್ಧ ರಸದ ಕವಳವನ್ನು ದುಃಖದಿಂದ ಉಗಿದು ಬಂದರು.

"ಬಿಗಿ ಮಾಡ್ತಾ ಇದೀಯಲಾ! ಮುಚ್ಚಳ ಅಲ್ಲ ಮಾರಾಯ, ನೀ ತಿರುಗಿಸ್ತಾ ಇರೋದು ಬಾಟ್ಲಿ!"

ಒಂದು ಗಳಿಗೆ ಹೊಳೆಯಲಿಲ್ಲ. ಮುಚ್ಚಳ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಮುಚ್ಚಳ ಗಟ್ಟಿ ಹಿಡಿದು ಬಾಟಲಿಯನ್ನೇ ತಿರುಗಿಸುವುದಾದರೆ ಬಲಕ್ಕೆ ತಿರುಗಿಸಬೇಕು. ಫಿಲ್ಟರಿನ ಬಾಯಿ ಇರುವುದು ಮೇಲೆ, ಡಬ್ಬಿ ಕೆಳಗೆ ನೇತಾಡುತ್ತದೆ, ನಾನು ಮೇಲಿಂದ ಬಗ್ಗಿದ್ದೇನೆ. ಇನ್ನು ಭಾವ ನಿಂತದ್ದು ನನ್ನ ಎದುರಿಗೆ. ಅವರ ಬೆರಳು ಬಲಕ್ಕೆ ಸುತ್ತಿದರೆ ನನಗೆ ಕಂಡದ್ದು ಎಡಕ್ಕೆ. ಬಿಎಸ್ಸಿ ಮಾಡಿದ್ದು ದಂಡ ಅಲ್ವಾ.

"ಹೋದ ಸಲ ಹಾಕಿದ್ದು ನಾನೇ. ಪಾನಾ ಮುಟ್ಲಿಲ್ಲ, ಕೈಯಲ್ಲೇ ಬಿಗಿ ಮಾಡಿದ್ದು" ಎಂದರು ಅಪ್ಪ ಜಗಲಿಯಿಂದ. ನಾಲ್ಕು ವರ್ಷದ ಹಿಂದಿನ ಮಾತು. ಈಗ ಬೆಳಿಗ್ಗೆ ಮಾತ್ರೆ ಡಬ್ಬಿಯ ಮುಚ್ಚಳ ತೆಗೆಯಲು ಸೊಸೆಯನ್ನು ಕರೆಯುತ್ತಾರೆ. ಕೈ ನಡುಗುತ್ತದೆ ಎಂದು ಹೇಳುವುದಿಲ್ಲ. "ಈಗಿನ ಡಬ್ಬಿಗಳೇ ಸರಿ ಇಲ್ಲ" ಎನ್ನುತ್ತಾರೆ. ಫಿಲ್ಟರಿನ ಬಿಗಿಯಲ್ಲಿ ಅವರದೆಷ್ಟು, ಇವತ್ತು ಬೆಳಿಗ್ಗೆ ನಾನು ಸೇರಿಸಿದ್ದೆಷ್ಟು ಎಂದು ನಾನು ಬಾಯಿ ಬಿಡಲಿಲ್ಲ. "ಎಂಥಾ ಕೈ ಅಪ್ಪಯ್ಯ ನಿಮ್ಮದು, ಬರೋದೇ ಇಲ್ಲ" ಎಂದೆ. ಅಪ್ಪ ನಡ ನೆಟ್ಟಗೆ ಮಾಡಿ ಕೂತರು.

ಬಲಕ್ಕೆ ಎಳೆದೆ. ಎರಡು ಸಲ ಟ್ಯೂಬು ಜಾರಿತು. ಮೂರನೇ ಸಲ 'ಕಿರ್ರ್' ಎಂದು ಬಿಟ್ಟುಕೊಂಡಿತು, ಒಳಗಿದ್ದ ಡೀಸೆಲ್ ಅಂಗಿ ತೋಳಿನೊಳಗೆ ಇಳಿದು ಕಂಕುಳವರೆಗೆ ಬಂತು. ಹಳೇ ಡಬ್ಬಿ ಬಗ್ಗಿಸಿದರೆ ಚಹಾದ ಕೊನೆಯ ಗುಟುಕಿನಂಥ ಕಪ್ಪು ಗಸಿ. ಹೊಸದರ ರಬ್ಬರ್ ರಿಂಗಿಗೆ ಡೀಸೆಲ್ ಸವರಿ ಕೂರಿಸಿದೆ. ಪಾನಾ ಮುಟ್ಟಲಿಲ್ಲ, ಅಪ್ಪ ನೋಡುತ್ತಿದ್ದರು.

ಅಷ್ಟಕ್ಕೇ ಸ್ಟಾರ್ಟ್ ಆದರೆ ಅದು ಡೀಸೆಲ್ ಗಾಡಿ ಹೇಗಾದೀತು? ಒಳಗೆ ಗಾಳಿ ಸೇರಿರುತ್ತದೆ. ಏರ್ ಸ್ಕ್ರೂ ಸಡಿಲ ಮಾಡಿ, ಹ್ಯಾಂಡ್ ಪಂಪನ್ನು ಗುಳ್ಳೆ ನಿಲ್ಲುವವರೆಗೆ ಒತ್ತಬೇಕು. ಒತ್ತಿದೆ, ಒತ್ತಿದೆ, ಹೆಬ್ಬೆರಳು ಮರಗಟ್ಟಿತು. ಬುಳುಬುಳು ನಿಂತು ಶುದ್ಧ ಡೀಸೆಲ್ ಬಂದಾಗ ಸ್ಕ್ರೂ ಬಿಗಿದೆ. ಅದು ಮಾಮೂಲಿ ದಿಕ್ಕು, ಭಾವನನ್ನು ಕೇಳಿಯೇ ಬಿಗಿದೆ. ಕೀ ತಿರುಗಿಸಿದೆ. ಒಂದು ಸಲ ಕೊಸರಿ, ಅಂಗಳದ ತುಂಬ ಹೊಗೆ ಬಿಟ್ಟು, ಗಾಡಿ ಸ್ಟಾರ್ಟ್ ಆಯಿತು.

"ಸುಣ್ಣ ತರೋಕೆ ಹೊರಟೆ ಭಾವ, ಬರ್ತೀರಾ?" ಎಂದು ತಿರುಗಿದೆ. ಭಾವ ಅಷ್ಟರಲ್ಲಿ ಸಂಚಿ ಬಿಚ್ಚಿ ಹೊಸ ಕವಳ ಹಾಕಿ ಆಗಿತ್ತು. ಬರುವ ಲಕ್ಷಣ ಇರಲಿಲ್ಲ. ಹುಬ್ಬು ಏರಿಸಿ, ಗದ್ದ ಎತ್ತಿ, ಪಿಕಪ್ಪಿನ ಅಡಿಯಲ್ಲಿ ಏನನ್ನೋ ತೋರುಬೆರಳಿನಿಂದ ತೋರಿಸುತ್ತಾ ನಿಂತಿದ್ದರು.

"ಊಂಊಂ."