ರಾಜಕುಮಾರನಿಗೆ ಡ್ರ್ಯಾಗನ್, ಊರವರಿಗೆ ದಂಡ

ಜಪಾನಿಗೆ ಹೋಗಿ ಬಂದವರ ಪೋಸ್ಟುಗಳಲ್ಲಿ ಎರಡು ಬಗೆ ಜಾಸ್ತಿ ಕಾಣುತ್ತವೆ. ಒಂದು, ಟೋಕಿಯೋದಲ್ಲಿ ಹಾಕಿಸಿಕೊಂಡ ಟ್ಯಾಟೂವಿನ ಫೋಟೋ. ಇನ್ನೊಂದು, "ಟ್ಯಾಟೂ ಇದೆ ಅಂತ ಆನ್ಸೆನ್ ಒಳಗೆ ಬಿಡಲಿಲ್ಲ, ಯಾವ ಕಾಲದಲ್ಲಿದ್ದಾರೆ ಇವರು" ಅನ್ನುವ ಸಿಟ್ಟು. ಆನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನಗೃಹ. ಅಲ್ಲಿ ಮೀಯಬೇಕು ಅಂತಲೇ ಅಷ್ಟು ದೂರ ಹೋದವರಿಗೆ ಸಿಟ್ಟು ಬರುವುದು ಸಹಜ. ಆದರೆ ನನ್ನ ತಕರಾರು ಬೇರೆ. ಹಚ್ಚೆಯ ವಿಷಯದಲ್ಲಿ ಜಪಾನ್ ಹೊರಗಿನವರನ್ನು ಸ್ವಲ್ಪ ಸಡಿಲವಾಗಿಯೇ ನೋಡಿಕೊಂಡು ಬಂದಿದೆ. ಬಿಗಿಯೆಲ್ಲ ತನ್ನದೇ ಜನರ ಮೇಲೆ.

ಹಳೆಯ ಕಥೆ ಸ್ವಲ್ಪ ಹೇಳಬೇಕು. ಎಡೋ ಕಾಲದಲ್ಲಿ, 1720ರ ಹೊತ್ತಿಗೆ, ಕಳ್ಳರಿಗೆ ಶಿಕ್ಷೆಯಾಗಿ ತೋಳಿನ ಮೇಲೆ ಪಟ್ಟಿ ಹಚ್ಚೆ ಹಾಕುವುದು ಶುರುವಾಯಿತು. ಅದೇ ಊರುಗಳಲ್ಲಿ ಇಷ್ಟಪಟ್ಟು ಮೈತುಂಬ ಹಾಕಿಸಿಕೊಳ್ಳುವವರೂ ಹೆಚ್ಚಿದರು. 1827ರಿಂದ ಕುನಿಯೋಶಿ ಎಂಬ ಕಲಾವಿದ ಚೀನಾದ ಹಳೆ ಕಥೆಯ ಬಂಡುಕೋರರ ಚಿತ್ರಗಳನ್ನು ಅಚ್ಚು ಹಾಕಿಸಿದ. ಅವರಲ್ಲಿ ಹಲವರ ಬೆನ್ನು, ತೋಳು, ತೊಡೆಯೆಲ್ಲ ಹಚ್ಚೆ. ಜನ ಹುಚ್ಚೆದ್ದರು. ಬೆಂಕಿ ಆರಿಸುವವರು, ಪಲ್ಲಕ್ಕಿ ಹೊರುವವರು, ಅಂದರೆ ಮೈ ಬಿಟ್ಟು ದುಡಿಯುವ ಮಂದಿ, ಡ್ರ್ಯಾಗನ್ ಬರೆಸಿಕೊಂಡರು. ಡ್ರ್ಯಾಗನ್ ನೀರಿನ ಜೀವಿ. ಬೆಂಕಿಗೆ ನುಗ್ಗುವವನಿಗೆ ಅದಕ್ಕಿಂತ ದೊಡ್ಡ ರಕ್ಷೆ ಬೇಕಾ?

1872ರಲ್ಲಿ ಮೇಜಿ ಚಕ್ರವರ್ತಿಯ ಕಾಲದ ಹೊಸ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು. ಪಶ್ಚಿಮದವರು ನಮ್ಮನ್ನು ಕಾಡುಜನ ಅಂದುಕೊಂಡಾರು ಅನ್ನುವ ನಾಚಿಕೆ. ತಮಾಷೆ ನೋಡಿ, ಆ ಪಶ್ಚಿಮದವರೇ ಬಂದು ಸಾಲು ನಿಂತರು. 1881ರಲ್ಲಿ ಹಡಗಿನಲ್ಲಿ ಬಂದ ಬ್ರಿಟಿಷ್ ರಾಜಕುಮಾರ ಜಾರ್ಜ್ ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡು ಹೋದ. ನಮ್ಮ ದೇಶಕ್ಕೂ ಚಕ್ರವರ್ತಿ ಅನಿಸಿಕೊಂಡು 1911ರಲ್ಲಿ ದೆಹಲಿ ದರ್ಬಾರಿನಲ್ಲಿ ಕೂತನಲ್ಲ, ಅದೇ ಐದನೇ ಜಾರ್ಜ್. ಆ ಭಾರಿ ನಿಲುವಂಗಿಯ ಒಳಗೆ ಜಪಾನಿ ಹಚ್ಚೆ ಇತ್ತು! 1891ರಲ್ಲಿ ರಷ್ಯಾದ ಯುವರಾಜ ನಿಕೊಲಾಸ್ ನಾಗಸಾಕಿಯಲ್ಲಿ ಹಾಕಿಸಿಕೊಂಡ. ಬಂದರುಗಳಲ್ಲಿ ವಿದೇಶಿಯರಿಗೆ ಸೂಜಿ ಚುಚ್ಚುವಾಗ ಸರ್ಕಾರ ಕಣ್ಣು ಮುಚ್ಚಿಕೊಂಡಿತ್ತು.

ಆ ಹೊತ್ತಿಗೆ ದಕ್ಷಿಣದ ದ್ವೀಪ ಓಕಿನಾವಾದ ಹೆಂಗಸರ ಗತಿ ಏನು? ಅವರು ಕೈಬೆರಳು, ಅಂಗೈ ಹಿಂಭಾಗಕ್ಕೆಲ್ಲ ಹಾಜಿಚಿ ಎಂಬ ನೀಲಿ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಅದಿಲ್ಲದೆ ಸತ್ತರೆ ಪರಲೋಕದಲ್ಲಿ ಸುಖವಿಲ್ಲ ಅನ್ನುವ ನಂಬಿಕೆ. (ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ ಅಂತ ನಮ್ಮ ಹಳ್ಳಿಗಳ ಅಜ್ಜಿಯರೂ ಹೇಳುತ್ತಿದ್ದರು, ಅಲ್ವಾ?) 1899ರಲ್ಲಿ ಅದಕ್ಕೂ ನಿಷೇಧ ಬಂತು. ಉತ್ತರದ ಮೂಲನಿವಾಸಿಗಳಾದ ಐನು ಹೆಂಗಸರ ತುಟಿಯ ಸುತ್ತಲಿನ ಹಚ್ಚೆಗೆ ಅದಕ್ಕೂ ಮೊದಲೇ ನಿಷೇಧ ಬಿದ್ದಿತ್ತು. ರಾಜಕುಮಾರನ ತೋಳಿಗೆ ಡ್ರ್ಯಾಗನ್ ಬಂತು, ಮುದುಕಿಯರು ಕೈ ಮುಚ್ಚಿಕೊಂಡು ಓಡಾಡಬೇಕಾಯಿತು.

1948ರಲ್ಲಿ ನಿಷೇಧ ಹೋಯಿತು. ಅಷ್ಟರಲ್ಲಿ ಹಚ್ಚೆ ಅಂದರೆ ಯಾಕುಜಾ ಗ್ಯಾಂಗು ಅನ್ನುವುದು ಜನರ ತಲೆಯಲ್ಲಿ ಕೂತಿತ್ತು. ಸಿನಿಮಾಗಳು ಅದನ್ನು ಇನ್ನೂ ಗಟ್ಟಿ ಮಾಡಿದವು. ಆನ್ಸೆನ್ ಬಾಗಿಲಿನ ಬೋರ್ಡು ಆ ಭಯದ ಕೂಸು. ಭಯ ಪೂರ್ತಿ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ 2012ರಲ್ಲಿ ಒಸಾಕಾ ನಗರಾಡಳಿತ ತನ್ನ ಸಾವಿರಾರು ನೌಕರರಿಗೆ "ನಿಮ್ಮ ಮೈಮೇಲೆ ಹಚ್ಚೆ ಇದೆಯೇ, ಎಲ್ಲಿ?" ಎಂದು ಬರೆದುಕೊಡಲು ಹೇಳಿತಲ್ಲ, ಅವರೇನು ಗ್ಯಾಂಗಿನವರಾ? 2015ರಲ್ಲಿ ಅದೇ ಒಸಾಕಾದ ಕಡೆಯ ಒಬ್ಬ ಟ್ಯಾಟೂ ಕಲಾವಿದನ ಮೇಲೆ ಕೇಸು ಬಿತ್ತು. ಸೂಜಿಯಿಂದ ಚರ್ಮದೊಳಗೆ ಬಣ್ಣ ಇಳಿಸುವುದು ವೈದ್ಯರ ಕೆಲಸವಂತೆ, ಡಾಕ್ಟರ್ ಲೈಸೆನ್ಸ್ ಬೇಕಂತೆ! ಕೆಳ ಕೋರ್ಟು ಒಂದೂವರೆ ಲಕ್ಷ ಯೆನ್ ದಂಡ ಹಾಕಿತು. ಆತ ಬಿಡಲಿಲ್ಲ. 2018ರಲ್ಲಿ ಹೈಕೋರ್ಟು ಖುಲಾಸೆ ಮಾಡಿತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇವತ್ತು ನಾವು ಟೋಕಿಯೋದಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು ನಿಶ್ಚಿಂತೆಯಿಂದ ಕೂರುತ್ತೇವಲ್ಲ, ಅದರಲ್ಲಿ ಈ ಮನುಷ್ಯನ ಐದು ವರ್ಷದ ಓಡಾಟವೂ ಸೇರಿದೆ.

ಆನ್ಸೆನ್ ನಿಯಮದ ಬಗ್ಗೆ ಸರ್ಕಾರ ತಲೆಕೆಡಿಸಿಕೊಂಡಿದ್ದು ಯಾವಾಗ? 2013ರಲ್ಲಿ ಹೊಕ್ಕೈಡೋದ ಒಂದು ಸ್ನಾನಗೃಹ ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ಮಹಿಳೆಯನ್ನು ಅವರ ಸಾಂಪ್ರದಾಯಿಕ ಮುಖದ ಹಚ್ಚೆಗಾಗಿ ಹೊರಗಿಟ್ಟು ಸುದ್ದಿಯಾದ ಮೇಲೆ. ಜೊತೆಗೆ ಟೋಕಿಯೋ ಒಲಿಂಪಿಕ್ಸ್ ಬರುವುದಿತ್ತು. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ಸಮೀಕ್ಷೆ ಮಾಡಿದಾಗ ಉತ್ತರಿಸಿದ ಹೋಟೆಲು, ವಸತಿಗೃಹಗಳಲ್ಲಿ ಸುಮಾರು 56 ಶೇಕಡಾ ಹಚ್ಚೆ ಇದ್ದವರನ್ನು ಬಿಡುವುದಿಲ್ಲ ಅಂದವು. ಆಮೇಲೆ ಸ್ಟಿಕ್ಕರ್ ಅಂಟಿಸಿ ಬನ್ನಿ, ಬೇರೆ ಸಮಯಕ್ಕೆ ಬನ್ನಿ ಅಂತ ಸಲಹೆಗಳು. ಒಳ್ಳೆಯದೇ. ಆದರೆ ಎಲ್ಲವೂ ಪ್ರವಾಸಿಗರ ಹೆಸರಿನಲ್ಲಿ. ಬೆನ್ನಿಗೆ ಮೀನು ಬರೆಸಿಕೊಂಡ ಊರಿನ ಬಡಗಿ ಎಷ್ಟೋ ವರ್ಷದಿಂದ ಅದೇ ಬಾಗಿಲಿನಿಂದ ವಾಪಸ್ ಹೋಗಿರುತ್ತಾನೆ. ಅವನಿಗಾಗಿ ಯಾರೂ ಸಮೀಕ್ಷೆ ಮಾಡಲಿಲ್ಲ.

ಹಾಗಾದರೆ ಅಲ್ಲಿ ಹಾಕಿಸಿಕೊಳ್ಳಬಾರದಾ ಅಂತ ಕೇಳಬೇಡಿ. ಧಾರಾಳವಾಗಿ ಹಾಕಿಸಿಕೊಳ್ಳಿ. ಕೋಲಿನ ತುದಿಗೆ ಸೂಜಿ ಕಟ್ಟಿ ಕೈಯಿಂದಲೇ ಚುಚ್ಚುವ ತೆಬೋರಿ ನೋಡುವುದೇ ಒಂದು ಸೊಗಸು. ಇಡೀ ಬೆನ್ನಿನ ಕೆಲಸಕ್ಕೆ ವರ್ಷಗಟ್ಟಲೆ ಹೋಗಿ ಬರಬೇಕು, ಅದು ಪ್ರವಾಸಿಗೆ ಆಗುವಂಥದ್ದಲ್ಲ. ಚಿಕ್ಕದೊಂದು ಆಗಬಹುದು. ಬಟ್ಟೆಯ ಒಳಗೆ ಉಳಿಯುವ ಜಾಗ ಆರಿಸಿ. ಅಲ್ಲಿಯ ಹಳೇ ವಿನ್ಯಾಸಗಳಲ್ಲಿ ಎದೆಯ ನಡುವೆ ಒಂದು ಪಟ್ಟಿ ಖಾಲಿ ಬಿಡುವುದುಂಟು. ಅಂಗಿಯ ಮುಂಭಾಗ ತೆರೆದರೂ ಏನೂ ಕಾಣಬಾರದು ಅಂತ. ಹಾಕಿಸಿಕೊಂಡವರೂ ತೋರಿಸಿಕೊಂಡು ತಿರುಗುವುದಿಲ್ಲ. ಅವರು ಅಷ್ಟು ಮರೆಮಾಡಿಕೊಳ್ಳುವಾಗ ನಾವು ಮೆಟ್ರೋದಲ್ಲಿ ತೋಳು ಮಡಚಿ ಸೆಲ್ಫಿ ತಗೊಳ್ಳುವುದು ಯಾಕೋ ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಹೊಸ ಹಚ್ಚೆ ಅಂದರೆ ಗಾಯ. ಎರಡು ಮೂರು ವಾರ ಅದನ್ನು ನೀರಿನಲ್ಲಿ ನೆನೆಸುವ ಹಾಗಿಲ್ಲ. ಆದ್ದರಿಂದ ಮೊದಲು ಸ್ನಾನ, ಕೊನೆಗೆ ಸೂಜಿ. ಊರಿಗೆ ಬಂದ ಮೇಲೆ ಒಂದು ವರ್ಷ ರಕ್ತದಾನಕ್ಕೂ ಹೋಗುವಂತಿಲ್ಲ.

ಈಗಾಗಲೇ ಟ್ಯಾಟೂ ಇದ್ದವರು ಕಿನೊಸಾಕಿ ಎಂಬ ಆನ್ಸೆನ್ ಊರಿಗೆ ಹೋಗಿ. ಒಸಾಕಾ, ಕ್ಯೋಟೋ ಎರಡರಿಂದಲೂ ರೈಲಿನಲ್ಲಿ ಎರಡೂವರೆ ಗಂಟೆಯ ಹಾದಿ. ಅಲ್ಲಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆ ಇದ್ದವರನ್ನು ಬಿಡುತ್ತಾರೆ. ಊರವರು, ಹೊರಗಿನವರು ಅಂತ ಭೇದವಿಲ್ಲ. ಬಾಗಿಲಲ್ಲಿ ಜಗಳ ಆಡುವ ಬದಲು ನಮ್ಮ ದುಡ್ಡು ಅಂಥ ಕಡೆ ಹೋಗಲಿ.