ನನ್ನ ಅಂಬಾಸಿಡರ್ ಮಾರೋದಕ್ಕೆ ಬಿಡುತ್ತಿಲ್ಲ ಈ ಜನ

ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಬೈಯುತ್ತೇನೆ.

ನನ್ನ ಹತ್ತಿರ 1983ರ ಅಂಬಾಸಿಡರ್ ಇದೆ. ಮಾರ್ಕ್ 4. ಅದನ್ನು ಮಾರಬೇಕು. ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿರೋ ಕಾರಲ್ಲ ಅದು. ದಿನಾ ಬೆಳಗ್ಗೆ ಶಿವಮೊಗ್ಗದ ವಿನೋಬನಗರದಿಂದ ಹೊರಟು, ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ ನುಗ್ಗಿ ಕೆಲಸಕ್ಕೆ ಹೋಗಿ, ಸಂಜೆ ಮನೆಗೆ ಬರೋ ಕಾರು. ತರಕಾರಿ, ಗ್ಯಾಸ್ ಸಿಲಿಂಡರ್, ತೋಟದ ಬಾಳೆಗೊನೆ, ಅತ್ತೆಯವರ ಆಸ್ಪತ್ರೆ ಓಡಾಟ, ಎಲ್ಲ ಇದರಲ್ಲೇ. ಎಂಜಿನ್ ಅದೇ ಹಳೇ 1489 ಸಿಸಿ ಪೆಟ್ರೋಲು. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರೋದೇ. ಉಳಿದಂತೆ ನನ್ನ ಓಡಾಟಕ್ಕೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದೇನೆ. ಮುಂದಿನ ಚಕ್ರಕ್ಕೆ ಹಳೇ ಡ್ರಮ್ ಬದಲು ಡಿಸ್ಕ್ ಬ್ರೇಕು, ಬ್ರೇಕಿಗೆ ಬೂಸ್ಟರು, ಎಂಜಿನ್ನಿಗೆ ಕಿಡಿ ಕೊಡೋ ಹಳೇ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ರೇಡಿಯಲ್ ಟೈರು, ಮುಂದೆ ಬೇರೆ ಬೇರೆ ಸೀಟು, ಹಿಂದೆ ಕೂರೋರಿಗೂ ಸೇರಿ ಸೀಟ್ ಬೆಲ್ಟು. ಬಣ್ಣ ಕಡು ಹಸಿರು, ಅದೂ ಆರ್‌ಸಿಯಲ್ಲಿ ನಮೂದಾಗಿದೆ.

ಯಾಕೆ ಮಾರುತ್ತಿದ್ದೀರಿ ಅಂತ ಕೇಳೋರಿಗೆ: ಮಗಳಿಗೆ ಒಂದು ಕಾರು ತಗೊಂಡೆವು, ಎರಡು ನಿಲ್ಲಿಸೋಕೆ ಜಾಗ ಇಲ್ಲ. ಅಷ್ಟೇ. ಇದನ್ನು ಒಬ್ಬರೂ ನಂಬುವುದಿಲ್ಲ. "ಅಲ್ಲ ಸಾರ್, ನಿಜ ಹೇಳಿ, ಏನೋ ಪ್ರಾಬ್ಲಂ ಇರಬೇಕಲ್ವಾ?" ಇದೆ ಮಾರಾಯ್ರೆ. ಪ್ರಾಬ್ಲಂ ನಿಮ್ಮಂಥೋರು.

"ಲಾಸ್ಟ್ ಎಷ್ಟು?" ಅಂತ ಎರಡೇ ಪದದ ಮೆಸೇಜ್ ಹಾಕೋರ ಬಗ್ಗೆ ನಾನೇನೂ ಬರೆಯುವುದಿಲ್ಲ. ಅವರು ಎಲ್ಲ ಕಡೆಯೂ ಇದ್ದಾರೆ. ಮೈಲೇಜ್ ಕೇಳೋರಿಗೂ ಇಲ್ಲೇ ಉತ್ತರ: ಲೀಟರಿಗೆ 9, ಬಹಳ ಮರ್ಯಾದೆಯಿಂದ ಓಡಿಸಿದರೆ 10. ಗುಜರಿಯವನೊಬ್ಬ ನೇರವಾಗಿ ಕೆ.ಜಿ. ಲೆಕ್ಕ ಹಾಕಿದ. ಅವನ ಮೇಲೆ ನನಗೆ ಕೋಪವೇ ಬರಲಿಲ್ಲ. ಅವನು ತನ್ನ ವ್ಯಾಪಾರ ಏನು ಅಂತ ಮೊದಲೇ ಹೇಳಿದ, ಉಳಿದವರು ಹೇಳುವುದಿಲ್ಲ.

ಉದಾಹರಣೆಗೆ ಬೆಂಗಳೂರಿನಿಂದ ಬಂದ ಸಂಗ್ರಹಕಾರರು. ಟಾರ್ಚು, ಜೇಬಿನಲ್ಲಿ ಅಯಸ್ಕಾಂತ. ಅಯಸ್ಕಾಂತ ಹಿಡಿದು ಬಾಡಿಯಲ್ಲಿ ಎಲ್ಲಿ ಪುಟ್ಟಿ ತುಂಬಿದೆ ಅಂತ ನೋಡಿದರು. ನೋಡಲಿ, ಅದು ಸರಿ. ಟಿಂಕರಿಂಗ್ ಚೆನ್ನಾಗಿದೆ ಅಂತ ಅವರೇ ಒಪ್ಪಿದರು. ಆಮೇಲೆ ಬಾಗಿಲು ತೆಗೆದರು, ಮುಖ ಸಪ್ಪೆ. "ಮುಂದಿನ ಉದ್ದ ಸೀಟು ಎಲ್ಲಿ?" ಇಲ್ಲ ಸ್ವಾಮಿ. ಬಾನೆಟ್ ಎತ್ತಿದರು. "ಪಾಯಿಂಟ್ ತೆಗೆಸಿಬಿಟ್ಟಿದ್ದೀರಾ?" ಹೌದು ಸ್ವಾಮಿ. ಚಕ್ರದ ಹತ್ತಿರ ಕೂತರು. "ಅಯ್ಯೋ, ಡಿಸ್ಕ್!" ಆ ಅಯ್ಯೋ ಹೇಗಿತ್ತು ಅಂದರೆ ನಾನು ದೇವಸ್ಥಾನದ ಗೋಡೆಗೆ ಸುಣ್ಣದ ಬದಲು ಟಾರು ಬಳಿದ ಹಾಗೆ. ಕೊನೆಗೆ ನಾನು ಹೇಳಿದ ಬೆಲೆಯ ಅರ್ಧಕ್ಕೂ ಕಡಿಮೆ ಹೇಳಿ, ಮೇಲಿಂದ "ಒರಿಜಿನಲ್ ಇದ್ದಿದ್ದರೆ ನೀವು ಕೇಳಿದ್ದು ಕೊಡುತ್ತಿದ್ದೆ" ಅಂದರು.

ಅವರು ಒಮ್ಮೆಯಾದರೂ ಡ್ರಮ್ ಬ್ರೇಕಿನ ಅಂಬಾಸಿಡರ್ ತಗೊಂಡು ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿಯಬೇಕು. ಡ್ರಮ್ಮಿನೊಳಗೆ ನೀರು ಹೋದರೆ ಕಾಲು ಒತ್ತಿದಾಗ ಒಂದು ಚಕ್ರ ಹಿಡಿಯುತ್ತೆ, ಇನ್ನೊಂದು ಹಿಡಿಯೋದಿಲ್ಲ, ಗಾಡಿ ಒಂದು ಕಡೆಗೆ ಎಳೆಯುತ್ತೆ. ನೀರು ಹೋಗದಿದ್ದರೆ ಇನ್ನೊಂದು ಕಥೆ. ಮೇಲಿಂದ ಕೆಳಗೆ 14 ತಿರುವು, ಒತ್ತಿ ಒತ್ತಿ ಡ್ರಮ್ ಕಾಯುತ್ತೆ, ಲೈನಿಂಗ್ ವಾಸನೆ ಒಳಗೆ ಬರುತ್ತೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ ಆದರೆ ಗಾಡಿ ನಿಲ್ಲೋದಿಲ್ಲ. ಎದುರಿಗೆ ಉಡುಪಿ ಕಡೆಯ ಬಸ್ಸು. ಆಗ ಒರಿಜಿನಲ್ ಅಂತ ಹೇಳಿಕೊಂಡು ಎಲ್ಲಿಗೆ ಹೋಗುತ್ತೀರಿ? ಪಾಯಿಂಟ್ ವಿಷಯವೂ ಅಷ್ಟೇ. ಡಿಸ್ಟ್ರಿಬ್ಯೂಟರ್ ಒಳಗೆ ತೇವ ಸೇರಿ ಮಂಡಗದ್ದೆ ಹತ್ತಿರ ಕಾಡು ರಸ್ತೆಯಲ್ಲಿ, ಸುರಿಯೋ ಮಳೆಯಲ್ಲಿ, ಬಾನೆಟ್ ಕೆಳಗೆ ತಲೆ ಹಾಕಿ ಕರ್ಚೀಪಿನಲ್ಲಿ ಪಾಯಿಂಟ್ ಒರೆಸಿ, ಸ್ಯಾಂಡ್ ಪೇಪರ್ ಉಜ್ಜಿ, ಮತ್ತೆ ಸ್ಟಾರ್ಟ್ ಮಾಡಿ ನೋಡೋ ಸುಖ ನನಗೆ ಸಾಕಾಯಿತು. ಅದಕ್ಕೇ ತೆಗೆಸಿದೆ. ಹಾಳು ಮಾಡೋಕೆ ತೆಗೆಸಿದ್ದಲ್ಲ.

(ಉದ್ದ ಸೀಟು ತೆಗೆಸಿದ್ದಕ್ಕೆ ನಿಜವಾಗಿ ಬೇಜಾರಾದವರು ನಮ್ಮ ನೆಂಟರು. ಮೊದಲು ಮದುವೆಗೆ ಹೋಗುವಾಗ ಮುಂದೆಯೇ ಮೂವರು ದೊಡ್ಡವರು ಮತ್ತು ತೊಡೆ ಮೇಲೆ ಒಂದು ಮಗು. ಈಗ ಐದೇ ಜನ ಅಂದರೆ "ಎಂತಕ್ಕೆ ಇಷ್ಟು ದೊಡ್ಡ ಕಾರು?" ಅಂತಾರೆ.)

ಸರಿ, ಸಂಗ್ರಹಕಾರರಿಗೆ ಬೇಡ. ಓಡಿಸೋರಿಗೆ ಬೇಕಾಗಬಹುದು ಅಂದುಕೊಂಡೆ. ಒಬ್ಬ ಹುಡುಗ ಬಂದ, ಒಳ್ಳೆ ಹುಡುಗನೇ. ಚೋಕ್ ಅಂದರೆ ಏನು ಅಂತ ಕೇಳಿದ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡುವಾಗ ಎಳೆಯೋದು ಅಂತ ಹೇಳಿಕೊಟ್ಟೆ. ಸ್ಟೇರಿಂಗ್ ಪಕ್ಕದ ಗೇರು ತೋರಿಸಿದೆ. ಸವಳಂಗ ರಸ್ತೆಗೆ ಹೋದೆವು. ವಾಪಸ್ ಬಂದು ಹೇಳಿದ, "ಅಂಕಲ್, ಸ್ಟೇರಿಂಗ್ ತುಂಬಾ ಗಟ್ಟಿ. ಎ.ಸಿ. ಇಲ್ಲ. ಏರ್‌ಬ್ಯಾಗ್ ಇಲ್ಲ." 1983ರ ಕಾರಪ್ಪ! ನೀನು ಹುಟ್ಟೋಕೆ ಮುಂಚೆ ಉತ್ತರಪಾರಾ ಫ್ಯಾಕ್ಟರಿಯಿಂದ ಬಂದಿದ್ದು. ಆ ಫ್ಯಾಕ್ಟರಿಯಲ್ಲೂ 2014ರಲ್ಲಿ ಕೆಲಸ ನಿಂತಿತು. ಯಾರನ್ನು ಕೇಳಲಿ ಏರ್‌ಬ್ಯಾಗು? ಒಬ್ಬರಿಗೆ ಇದು ಹೊಸದಾಯಿತು ಅಂತ ಸಿಟ್ಟು, ಇನ್ನೊಬ್ಬರಿಗೆ ಹಳೇದಾಯಿತು ಅಂತ ಸಿಟ್ಟು. ಇಬ್ಬರೂ ದುಡ್ಡು ಮಾತ್ರ ಒಂದೇ ರೀತಿ ಕಡಿಮೆ ಕೇಳುತ್ತಾರೆ.

ಆಮೇಲೆ ಹೋಂಸ್ಟೇಯವರು. ಇವರ ಕಾಟ ಹೇಳಿ ಮುಗಿಯೋದಿಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ, ಎಲ್ಲಿಂದ ಫೋನ್ ಬಂದರೂ ಕೊನೆಗೆ ಅದೇ ಮಾತು. ಗೇಟಿನ ಹತ್ತಿರ ನಿಲ್ಲಿಸೋಕೆ ಬೇಕಂತೆ. ಬಂದವರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರಂತೆ. ಒಬ್ಬರು ಮನೆಗೇ ಬಂದರು, ಕಾಫಿ ಕುಡಿದರು, ಕಾರು ಸುತ್ತ ನಡೆದರು, ತುಂಬಾ ಚೆನ್ನಾಗಿದೆ ಅಂದರು. ಡಿಕ್ಕಿಯಲ್ಲಿ ಮಣ್ಣು ತುಂಬಿ ಜರಿಗಿಡ, ಆರ್ಕಿಡ್ ಇಟ್ಟರೆ ಹೇಗಿರುತ್ತೆ ಅಂತ ಹೆಂಡತಿಯನ್ನು ಕೇಳಿದರು, ನನ್ನ ಎದುರಿಗೇ. ನಾನು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸೋಕೆ ಹೋದೆ. ಬೇಡ ಬೇಡ ಅಂದು ಒಂದು ಪ್ರಶ್ನೆ ಕೇಳಿದರು, "ಎಂಜಿನ್ ನಮಗೆ ಬೇಡ ಸಾರ್, ನೀವೇ ಇಟ್ಟುಕೊಳ್ಳಿ. ಅದಿಲ್ಲದೆ ಎಷ್ಟಕ್ಕೆ ಕೊಡುತ್ತೀರಿ?"

ನಾನು ಏನು ಹೇಳಿದೆ ಅಂತ ಇಲ್ಲಿ ಬರೆಯೋಕಾಗಲ್ಲ.

ಇದನ್ನು ಅರ್ಥ ಮಾಡಿಕೊಳ್ಳಿ ದಯವಿಟ್ಟು. ನಮ್ಮ ಮಲೆನಾಡಿನಲ್ಲಿ ನಿಲ್ಲಿಸಿದ ಕಾರು ಸಾಯುತ್ತೆ. ಒಂದು ಮಳೆಗಾಲ ಸುಮ್ನೆ ನಿಲ್ಲಿಸಿ ನೋಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ಚಕ್ರದ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಜಾಮ್ ಆಗುತ್ತೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗಿ ಜೆಟ್, ಅಂದರೆ ಪೆಟ್ರೋಲ್ ಹೋಗೋ ಸಣ್ಣ ತೂತು, ಕಟ್ಟಿಕೊಳ್ಳುತ್ತೆ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು. ಅದು ನೀರನ್ನು ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನು ಕೊಳೆಸುತ್ತೆ. ನಾನು ಪೈಪ್ ಎಲ್ಲ ಬದಲಾಯಿಸಿದ್ದೇನೆ. ಆದರೂ ಟ್ಯಾಂಕಿನಲ್ಲಿ ತಿಂಗಳಾನುಗಟ್ಟಲೆ ಅದೇ ಪೆಟ್ರೋಲು ನಿಂತರೆ ತಳದಲ್ಲಿ ತುಕ್ಕು ಗ್ಯಾರಂಟಿ. ಇಲಿ ಬಂದು ವೈರು ಕಡಿಯುತ್ತೆ, ಸೀಟಿಗೆ ಬೂಷ್ಟು ಹಿಡಿಯುತ್ತೆ. ಕಾರ್ಪೆಟ್ ಕೆಳಗೆ ನೀರು ನಿಂತು, ನೀವು ನೋಡೋ ಹೊತ್ತಿಗೆ ಕಾಲಿಡೋ ಜಾಗದಲ್ಲಿ ನೆಲ ಕಾಣುತ್ತೆ, ಕಾರಿನದಲ್ಲ, ಭೂಮಿಯದು. ದಿನಾ ಓಡಿಸಿದರೆ ಎಂಜಿನ್ ಬಿಸಿಯಾಗುತ್ತೆ, ತೇವ ಆರುತ್ತೆ, ಎಣ್ಣೆ ಎಲ್ಲ ಕಡೆ ಓಡಾಡುತ್ತೆ, ಎಲ್ಲಿ ಏನು ಸದ್ದು ಬಂದರೂ ಅವತ್ತೇ ಗೊತ್ತಾಗುತ್ತೆ. ಗ್ರೀಸ್ ಹೊಡೆಸಬೇಕು, ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಕುಸಿದರೆ ಎತ್ತಿಸಬೇಕು, ಹಿಂದಿನ ಸ್ಪ್ರಿಂಗ್ ಪ್ಲೇಟ್ ನೋಡಬೇಕು. ಇದಕ್ಕೆಲ್ಲ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಇನ್ನೂ ಕೈ ಪಳಗಿರೋ ಹಳೇ ಮೆಕ್ಯಾನಿಕ್‌ಗಳಿದ್ದಾರೆ. ಈ ಕಾರು ಇಷ್ಟು ವರ್ಷ ಬದುಕಿರೋದೇ ಓಡಿಸಿದ್ದಕ್ಕೆ. "ದಿನಾ ಓಡಿಸಿದ್ದಾ? ಹಾಗಾದರೆ ಸವೆದಿರುತ್ತೆ, ಕಡಿಮೆ ಮಾಡಿ" ಅನ್ನೋರನ್ನು ಕಂಡರೆ ಮೈ ಉರಿಯುತ್ತೆ.

ಜನ ಹಾಗೆ, ಕಾನೂನಾದರೂ ನಮ್ಮ ಕಡೆ ಇದೆಯಾ ಅಂದರೆ ಅದೂ ಇಲ್ಲ. 2021ರ ಜುಲೈಯಲ್ಲಿ ವಿಂಟೇಜ್ ಗಾಡಿಗಳಿಗೆ ಅಂತ ಕೇಂದ್ರದವರು ಬೇರೆ ನಿಯಮ ಮಾಡಿದರು. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನನ್ನದಕ್ಕೆ 50 ತುಂಬೋದು 2033ಕ್ಕೆ. ಸರಿ, ಕಾದೆ ಅಂತಲೇ ಇಟ್ಟುಕೊಳ್ಳಿ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದ ಮೇಲೆ ಏನು ಮಾಡಬಹುದು? ಪ್ರದರ್ಶನಕ್ಕೆ ಒಯ್ಯಬಹುದು, ರ‍್ಯಾಲಿಗೆ ಒಯ್ಯಬಹುದು, ಪೆಟ್ರೋಲ್ ಹಾಕಿಸೋಕೆ ಮತ್ತು ರಿಪೇರಿಗೆ ಒಯ್ಯಬಹುದು. ದಿನನಿತ್ಯ ಓಡಿಸೋ ಹಾಗಿಲ್ಲ! ಅಂದರೆ ಸರ್ಕಾರಕ್ಕೂ ಆ ಹೋಂಸ್ಟೇಯವರಿಗೂ ಒಂದೇ ಯೋಚನೆ. ಅದು ಬೇಡ, ಮಾಮೂಲಿ ಕಾರಾಗಿಯೇ ಇಟ್ಟುಕೊಳ್ಳುತ್ತೇನೆ ಅಂದರೆ ಐದು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು. 20 ವರ್ಷ ದಾಟಿದ ಕಾರಿಗೆ ರಿನ್ಯೂ ಫೀಸನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿ ಮಾಡಿದ್ದಾರೆ. ಇನ್ಶೂರೆನ್ಸಿನವರು ಥರ್ಡ್ ಪಾರ್ಟಿ ಬಿಟ್ಟು ಬೇರೇನೂ ಕೊಡೋಕೆ ತಯಾರಿಲ್ಲ. ಕಾರಿನ ಬೆಲೆ ಎಷ್ಟು ಅಂತ ಹಾಕೋದು ಅಂತ ನನ್ನನ್ನೇ ಕೇಳಿ, ನಾನು ಹೇಳಿದ ಮೇಲೆ ನಗುತ್ತಾರೆ.

ಈ ನಡುವೆ ಯಾವುದೋ ವಿಡಿಯೋ ನೋಡಿಕೊಂಡು ಬಂದವರೊಬ್ಬರು, "ಮಾಡಿಫೈ ಮಾಡಿದ ಗಾಡಿ ತಗೊಂಡರೆ ಸೀಜ್ ಮಾಡುತ್ತಾರೆ, 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ" ಅಂತ ಹೆದರಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಕೋರ್ಟ್ ಹೇಳಿದ್ದು ಹೌದು. ಆರ್‌ಸಿಯಲ್ಲಿ ಬರೆದ ವಿವರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ. ನಾನು ಚಾಸಿ ಕತ್ತರಿಸಿಲ್ಲ, ಬೇರೆ ಎಂಜಿನ್ ಕೂರಿಸಿಲ್ಲ, ಮೊನ್ನೆ ಎಫ್‌ಸಿ ಪಾಸಾಗಿದೆ, ಕಾಗದ ಕೈಯಲ್ಲಿದೆ. ಅದನ್ನು ತೋರಿಸಿದೆ. "ಆದರೂ ರಿಸ್ಕ್ ಅಲ್ವಾ, ಒಂದು ಐವತ್ತು ಸಾವಿರ ಬಿಡಿ" ಅಂದರು. ಕಾನೂನಿನ ಭಯ ಐವತ್ತು ಸಾವಿರಕ್ಕೆ ಹೋಗುತ್ತಂತೆ!

ಬ್ರೋಕರ್ ಒಬ್ಬನಿಗೆ ಕಾಗದ ಎಲ್ಲ ಸರಿ ಇದೆ ಅಂತ ಖುಷಿಯಾಯಿತು. ಅವನ ಲೆಕ್ಕ ಬೇರೆ, ಮಾಲೀಕರ ಹೆಸರು ಬದಲಾಯಿಸೋ ಫಾರಂಗಳದ್ದು. "29, 30 ಫಾರಂಗೆ ಖಾಲಿ ಸೈನ್ ಹಾಕಿ ಕೊಟ್ಟುಬಿಡಿ ಅಣ್ಣ, ಪಾರ್ಟಿ ಸಿಕ್ಕಿದ ಮೇಲೆ ಹೆಸರು ಹಾಕಿಸುತ್ತೇನೆ." ಅಲ್ಲಿಯವರೆಗೆ ಕಾರು ಎಲ್ಲಿರುತ್ತೆ, ಯಾರು ಓಡಿಸುತ್ತಾರೆ, ಯಾರಿಗೆ ಗುದ್ದುತ್ತಾರೆ, ಗೊತ್ತಿಲ್ಲ. ಸಮನ್ಸ್ ಬರೋದು ಮಾತ್ರ ನನ್ನ ಮನೆಗೆ. ಬೇಡಪ್ಪ.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರೋದು ನಮ್ಮವರದೇ ಮಾತಿಗೆ. "ಛೆ ಛೆ, ಇಂಥ ಕಾರು ಮಾರುತ್ತಾರಾ? ಇದು ಬಂಗಾರ ಮಾರಾಯ. ಇಟ್ಟುಕೋ." ಹಾಗಾದರೆ ನೀವೇ ತಗೊಳ್ಳಿ ಭಾವ, ಮನೆ ಮುಂದೆ ಅಂಗಳ ಬೇರೆ ದೊಡ್ಡದಿದೆ. "ಅಯ್ಯೋ, ನಮಗೆಂತಕ್ಕೆ ಅದು? ಪೆಟ್ರೋಲ್ ಕುಡಿಯುತ್ತೆ." ಬಂಗಾರ ನನ್ನ ಅಂಗಳದಲ್ಲಿ ಇರೋತನಕ ಮಾತ್ರ. ಮದುವೆ ಫೋಟೋ ತೆಗೆಯೋರಿಗೆ ಅರ್ಧ ದಿನಕ್ಕೆ ಬಾಡಿಗೆ ಕೊಡು, ಕೂತಲ್ಲೇ ದುಡ್ಡು ಅಂತಲೂ ಸಲಹೆ ಬಂತು. ಒಬ್ಬರು ಕೇಳಿದ್ದೂ ಉಂಟು. ಹುಡುಗಿ ಬಾನೆಟ್ ಮೇಲೆ ಕೂರಬೇಕಂತೆ. ಜೊತೆಗೆ ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಫೋಟೋದಲ್ಲಿ ಚೆನ್ನಾಗಿ ಬರಲ್ಲ, ಹಳೇ ಕಪ್ಪು ಪ್ಲೇಟ್ ಹಾಕಿಸಿ ಅಂತ. ಆ ಪ್ಲೇಟ್ ಹಾಕಿಸಲೇಬೇಕು ಅಂತ ವರ್ಷಗಟ್ಟಲೆ ಕೂಗಿದ್ದು ಕೇಳಿಸಲಿಲ್ವಾ ಇವರಿಗೆ?

ಈಗ ನನ್ನ ಮಾತು. ಬೆಲೆ ಮೂರೂಕಾಲು ಲಕ್ಷ. ನಾನು ಹಾಕಿದ ದುಡ್ಡೆಲ್ಲ ವಾಪಸ್ ಬರಬೇಕು ಅಂತ ಲೆಕ್ಕ ಹಾಕಿ ಹೇಳಿದ್ದಲ್ಲ, ಅಷ್ಟು ತಲೆ ಕೆಟ್ಟಿಲ್ಲ. ಸ್ವಲ್ಪ ಹೆಚ್ಚು ಕಡಿಮೆ ಮಾಡೋಣ, ಆದರೆ ಓಡಿಸಿ ನೋಡಿದ ಮೇಲೆ. ಗೇಟಿನ ಮುಂದೆ ನಿಲ್ಲಿಸೋರು, ಡಿಕ್ಕಿಯಲ್ಲಿ ಗಿಡ ಬೆಳೆಸೋರು, ಸುಮ್ನೆ ಸೆಲ್ಫಿ ತೆಗೆಯೋಕೆ ಬರೋರು ಫೋನ್ ಮಾಡಬೇಡಿ. ನಿಜವಾಗಿ ಓಡಿಸಬೇಕು ಅಂತ ಆಸೆ ಇರೋರು ಯಾರಾದರೂ ಇದ್ದರೆ ಬರೋ ಭಾನುವಾರ ಬೆಳಗ್ಗೆ ಆರಕ್ಕೆ ಗೋಪಿ ಸರ್ಕಲ್ ಹತ್ತಿರ ಬನ್ನಿ. ಮಳೆ ಇದ್ದರೂ ಬರಬೇಕು. ತೀರ್ಥಹಳ್ಳಿವರೆಗೆ ನಾನು ಓಡಿಸುತ್ತೇನೆ, ಅಲ್ಲಿಂದ ನೀವು. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಚಾ ಕುಡಿದು, ಅದೇ ಘಾಟಿ ಹತ್ತಿ ವಾಪಸ್ ಬರೋಣ. ಪೆಟ್ರೋಲ್ ನನ್ನದು, ಚಾ ನಿಮ್ಮದು.