ಕ್ರೆಡಿಟ್ ಕೊಡಿ, ಆದರೆ ಕಲಿತದ್ದನ್ನು ಕೇಳಿ

ಪಠ್ಯೇತರ ಚಟುವಟಿಕೆಗೆ ಕ್ರೆಡಿಟ್ (ಪದವಿಗೆ ಲೆಕ್ಕಕ್ಕೆ ಬರುವ ಅಂಕ) ಕೊಟ್ಟರೆ ಪದವಿಯ ಗುಣಮಟ್ಟ ಇಳಿಯುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ವಿದ್ಯಾರ್ಥಿಗಳು ಸಮಾಜಸೇವೆ ಮಾಡುವ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) 1969ರಿಂದಲೂ ಇದೆ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಜೊತೆಗೆ 7 ದಿನದ ಶಿಬಿರ. ಹಳ್ಳಿಯಲ್ಲಿ ಉಳಿದು ಮನೆ ಮನೆಗೆ ಹೋಗಿ ಸರ್ವೆ ಮಾಡುವುದು, ಅಷ್ಟೂ ಜನಕ್ಕೆ ಊಟ ಹೊಂದಿಸುವುದು, ಜಗಳವಾದರೆ ಕೂರಿಸಿ ಮಾತಾಡಿಸುವುದು. ಇದೂ ಕಲಿಕೆಯೇ ಅಲ್ವಾ? ಅಷ್ಟೇ ಗಂಟೆ ಲ್ಯಾಬ್‌ನಲ್ಲಿ ಕಳೆದರೆ ಯಾರೂ ಪ್ರಶ್ನೆ ಮಾಡದೆ ಕ್ರೆಡಿಟ್ ಕೊಡುತ್ತಾರೆ.

ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಿಇ ಪದವಿ ಸಿಗಬೇಕಾದರೆ ಇಂಥ ಚಟುವಟಿಕೆಗಳಿಂದ 100 ಆಕ್ಟಿವಿಟಿ ಪಾಯಿಂಟ್ ಬೇಕು. ಆದರೆ ಅವು ಸಿಜಿಪಿಎಗೆ, ಅಂದರೆ ಇಡೀ ಪದವಿಯ ಸರಾಸರಿ ಗ್ರೇಡ್‌ಗೆ, ಸೇರುವುದಿಲ್ಲ. ಕಡ್ಡಾಯವೂ ಹೌದು, ಲೆಕ್ಕಕ್ಕೂ ಇಲ್ಲ ಎಂದರೆ ಏನಾಗುತ್ತದೆ? ಗಿಡದ ಪಕ್ಕ ನಿಂತು ಒಂದು ಫೋಟೊ, ಕೊನೇ ಸೆಮಿಸ್ಟರ್‌ನಲ್ಲಿ ಸುಮ್ನೆ ಒಂದು ರಿಪೋರ್ಟ್. ಸರ್ಟಿಫಿಕೇಟ್ ನೋಡಿ ಪಾಯಿಂಟ್ ಹಾಕುವುದನ್ನು ಮೊದಲು ನಿಲ್ಲಿಸಬೇಕು. ವಿದ್ಯಾರ್ಥಿಯನ್ನು ಎದುರು ಕೂರಿಸಿ ಹತ್ತು ನಿಮಿಷ ವೈವಾ (ಮೌಖಿಕ ಪರೀಕ್ಷೆ) ಮಾಡಿ. ಏನು ಮಾಡಿದೆ, ಎಲ್ಲಿ ಎಡವಿದೆ, ಇನ್ನೊಮ್ಮೆ ಮಾಡಿದರೆ ಏನು ಬದಲಿಸುತ್ತೀಯ ಎಂದು ಕೇಳಿ. ಕೆಲಸ ಮಾಡಿದವರು ಯಾರು ಎಂದು ಗೊತ್ತಾಗಿಯೇ ಆಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಸಂಜೆ ಅಂಗಡಿಯಲ್ಲಿ ದುಡಿದು ಓದುವ ಮಕ್ಕಳ ಬಗ್ಗೆ. ಕ್ಲಬ್ಬು, ನಾಟಕ, ಟೂರ್ನಮೆಂಟ್ ಎಂದು ಉಳಿಯಲು ಅವರಿಗೆ ಸಮಯವೇ ಇಲ್ಲ. ಆ ದುಡಿಮೆಯಲ್ಲಿ ಕಲಿತದ್ದಕ್ಕೂ ಕ್ರೆಡಿಟ್ ಸಿಗಬೇಕು.